ಕಂಡಿಯಲ್ಲಿ ಕಳೆದುಹೋದ ಕರಿಯಜ್ಜ

ಶಿರಾ

ನಮ್ಮ ಮನೆಯಲ್ಲಿ ಯಾವುದಾದರೂ ಸಾಮಾನು ಕಾಣೆಯಾಗಿ, ಹುಡುಕಿ ಹುಡುಕಿ ಸಾಕಾದ ಮೇಲೆ, "ಕರಿಯಜ್ಜನಂಗೆ ಕಂಡಿಯಾಗೆ ಕಳದೋಯ್ತು ಬುಡು" ಅನ್ನುವುದು ರೂಢಿ. ಕುಡುಗೋಲು ಕಳೆದರೂ ಅದೇ ಮಾತು, ಕುರಿಮರಿ ಕಳೆದರೂ ಅದೇ ಮಾತು. ಕಂಡಿ ಎಂದರೆ ಸಂದು. ಬೇಲಿಯಲ್ಲೋ ಗುಡ್ಡದಲ್ಲೋ ಇರುವ ಇಕ್ಕಟ್ಟಿನ ದಾರಿ. ನಮ್ಮ ಹಿರಿಯನೊಬ್ಬ ಎಲ್ಲೋ ಗುಡ್ಡದ ಸಂದಿನಲ್ಲಿ ದಾರಿ ತಪ್ಪಿಸಿಕೊಂಡ ಎಂದು ನಾನೂ ಚಿಕ್ಕಂದಿನಿಂದ ನಂಬಿದ್ದೆ.

ನಾವು ಬರಗೂರಿನಿಂದ ಒಳಕ್ಕೆ ಹೋಗುವ ಒಂದು ಹಳ್ಳಿಯವರು, ಕುರಿ ಸಾಕುವ ಮನೆತನ. ನಾನೂ ಕುರಿಯ ನಂಟು ಬಿಟ್ಟವಳಲ್ಲ. ಓದಿ ಪಶುವೈದ್ಯೆಯಾಗಿ ಶಿರಾದಲ್ಲೇ ಕೆಲಸಕ್ಕಿದ್ದೇನೆ. ಕರಿಯಜ್ಜನ ಕಥೆ ನಮಗೆ ತಲೆಯಿಂದ ತಲೆಗೆ ಬಾಯಿಮಾತಿನಲ್ಲೇ ಬಂದದ್ದು. ಟಿಪ್ಪು ಸತ್ತು, ನಮ್ಮ ಕಡೆಯ ಕೋಟೆಗಳೆಲ್ಲ ಬರಿದಾದ ಕಾಲ. ಇಂಗ್ಲಿಷರ ದಂಡು ಅಮೃತಮಹಲ್ ಎತ್ತುಗಳನ್ನು ತನ್ನದಾಗಿಸಿಕೊಂಡಿತು. ಫಿರಂಗಿ ತೋಪಿನ ಗಾಡಿ ಎಳೆಯಲು ಅವುಗಳನ್ನು ಮೀರಿಸುವ ಎತ್ತಿಲ್ಲ. ಆದರೆ ಅವು ಗೊತ್ತಿಲ್ಲದವರನ್ನು ಹತ್ತಿರ ಬಿಟ್ಟುಕೊಳ್ಳುವ ಜಾತಿಯಲ್ಲ. ಹಾಗಾಗಿ ಎತ್ತುಗಳ ಜೊತೆ ಅವುಗಳನ್ನು ಬಲ್ಲ ಆಳುಗಳೂ ಹೋಗಬೇಕಾಯಿತು. ಕರಿಯಜ್ಜ ಹಾಗೆ ಹೋದವನು. ಸಮುದ್ರದ ತನಕ ನಡೆದ, ಹಡಗು ಹತ್ತಿದ, ಮರಳಲಿಲ್ಲ.

ಸತ್ತ ಸುದ್ದಿಯೂ ಬರಲಿಲ್ಲ. ಅದೇ ತೊಡಕಾಯಿತು. ಅವನ ಹೆಂಡತಿ ಬಳೆ ಒಡೆಯಲು ಒಪ್ಪಲಿಲ್ಲ. ಮುದುಕಿಯಾಗಿ ಸಾಯುವವರೆಗೂ ಅವಳ ಕೈತುಂಬ ಬಳೆ ಇದ್ದವಂತೆ. ಹೀಗಾಗಿ ಕರಿಯಜ್ಜ ಸತ್ತವರ ಸಾಲಿಗೆ ಸೇರಲೇ ಇಲ್ಲ. ಮಹಾಲಯದ ಅಮಾವಾಸ್ಯೆಗೆ ಮನೆಯ ಹಿರಿಯರಿಗೆಲ್ಲ ಹೆಸರು ಕೂಗಿ ಎಡೆ ಇಡುತ್ತೇವೆ, ಅವನಿಗೆ ಇಲ್ಲ. ಊರವರು ಸುಮ್ಮನಿರುತ್ತಾರೆಯೇ? ಎತ್ತು ಬಿಟ್ಟು ಓಡಿಹೋದ, ಅಲ್ಲೇ ಇನ್ನೊಂದು ಸಂಸಾರ ಹೂಡಿದ ಎಂದರು. ನಮ್ಮದು 'ಓಡೋದೋರ ಮನೆ' ಆಯಿತು. ಏಳೆಂಟು ತಲೆಮಾರು ಕಳೆದರೂ ಆ ಹೆಸರು ಹಾಗೇ ಉಳಿದಿದೆ.

ಅದು ತಮಾಷೆಯ ಹೆಸರು ಎಂದು ನಾನು ಅಂದುಕೊಂಡಿದ್ದೆ. ನನ್ನ ಸೋದರತ್ತೆ ಲಿಂಗಮ್ಮನಿಗೆ ಹಾಗಲ್ಲ. ಅವಳನ್ನು ಪಾವಗಡದ ಕಡೆ ಕೊಟ್ಟಾಗ, ಮದುವೆಯ ಚಪ್ಪರದಲ್ಲೇ ಗಂಡಿನ ಕಡೆಯ ಹೆಂಗಸೊಬ್ಬಳು "ಓಡೋದೋರ ಮನೆ ಹೆಣ್ಣು, ನಿಲ್ತದಾ ನೋಡ್ರಮ್ಮ" ಎಂದಿದ್ದಳಂತೆ. ಅತ್ತೆ ನಿಂತಳು. ಗಂಡ ಸತ್ತ ಮೇಲೂ ಹೊಲ ಬಿಡದೆ ನಿಂತಳು. ಆ ಮಾತನ್ನು ಮಾತ್ರ ಮರೆಯಲಿಲ್ಲ.

ಈ ಪ್ರಯಾಣಕ್ಕೆ ಕಾರಣವಾದದ್ದು ಒಂದು ಊಟದ ಹೊತ್ತಿನ ಮಾತು. ತರಬೇತಿಗೆಂದು ಚೆನ್ನೈಗೆ ಹೋಗಿದ್ದಾಗ ನೀಲಗಿರಿಯ ಕಡೆಯ ತಮಿಳು ವೈದ್ಯೆಯೊಬ್ಬಳು ಪಕ್ಕದಲ್ಲಿ ಕೂತಿದ್ದಳು. ಅವಳ ತಾಯಿ ಸಿಲೋನಿನ ಟೀ ತೋಟದಲ್ಲಿ ಹುಟ್ಟಿದವರು. "ಅಮ್ಮ ಹುಟ್ಟಿದ್ದು ಕಂಡಿಯಲ್ಲಿ" ಎಂದಳು. ನನ್ನ ಕೈ ಅನ್ನದ ಮೇಲೇ ನಿಂತಿತು. ಎಲ್ಲಿ ಎಂದು ಮತ್ತೆ ಕೇಳಿದೆ. "ಕಂಡಿ. ನೀವು ಕ್ಯಾಂಡಿ ಅಂತೀರಲ್ಲ, ಅದೇ. ನಮ್ಮ ತಮಿಳಿನಲ್ಲಿ ಕಂಡಿ."

ಬೇಲಿಯ ಸಂದಲ್ಲ, ಗುಡ್ಡದ ಸಂದೂ ಅಲ್ಲ. ಇನ್ನೂರು ವರ್ಷ ನಾವು ಒಂದು ಊರಿನ ಹೆಸರನ್ನು ಬಾಯಲ್ಲಿಟ್ಟುಕೊಂಡು ಅದು ಊರೆಂದೇ ತಿಳಿಯದೆ ಓಡಾಡಿದ್ದೆವು.

ಕೊರಟಗೆರೆ

ನಮ್ಮ ಮನೆತನದ ಕಾರ್ಯಗಳಿಗೆಲ್ಲ ಈಗ ಹಿರಿಯ ರಂಗಪ್ಪಣ್ಣ, ನನ್ನ ದೊಡ್ಡಪ್ಪನ ಮಗ. ಸೇನೆಯಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾಗಿ, ತೋವಿನಕೆರೆಯ ಹತ್ತಿರ ಹೆಂಡತಿಯ ಕಡೆಯ ಜಮೀನಿನಲ್ಲಿ ಹೂವು ಬೆಳೆಯುತ್ತಾನೆ. ಎಡೆಯ ಮುಂದೆ ಕೂತು ಹಿರಿಯರ ಹೆಸರು ಕೂಗುವವನು ಅವನೇ. ಅವನು ಕೂಗದಿದ್ದರೆ ಆ ಹೆಸರು ಮನೆಯ ಲೆಕ್ಕಕ್ಕೆ ಇಲ್ಲ. ಕೊರಟಗೆರೆಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅವನು, ಅತ್ತೆ, ನಾನು ಕೂತೆವು. ಕಂಡಿಯ ವಿಚಾರ ಹೇಳಿದೆ.

"ದಾಖಲೆ ಏನೈತಮ್ಮ?" ಎಂದ.

ಅದನ್ನು ನಾನು ಮೊದಲೇ ವಿಚಾರಿಸಿಕೊಂಡು ಬಂದಿದ್ದೆ. ದಂಡಿನ ಹಳೆಯ ಕಾಗದಪತ್ರ ಇಟ್ಟಿರುವ ಕಡೆಗಳಿಗೆಲ್ಲ ಬರೆದಿದ್ದೆ. ಆ ಕಾಲದ ಬಿಳಿಯ ಅಧಿಕಾರಿಗಳ ಹೆಸರು ಸಿಗುತ್ತದೆ, ಅವರ ಕುದುರೆಗಳ ಬಣ್ಣವೂ ಸಿಗುತ್ತದೆ. ನಮ್ಮ ಜನರ ಹೆಸರು ಬರೆದಿಟ್ಟ ಪುಸ್ತಕಗಳು ಉಳಿದಿರುವುದು ಅದಾದ ಎಷ್ಟೋ ವರ್ಷಗಳ ನಂತರದ ಕಾಲದವು. ಎತ್ತಿನ ಆಳುಗಳ ಹೆಸರನ್ನಂತೂ ಯಾರೂ ಬರೆದುಕೊಳ್ಳಲೇ ಇಲ್ಲ. ಇಷ್ಟು ಎತ್ತು, ಇಷ್ಟು ಆಳು, ಅಷ್ಟೇ.

ರಂಗಪ್ಪಣ್ಣ ಟೀ ಲೋಟ ಕೆಳಗಿಟ್ಟ. "ನೋಡಮ್ಮ ಸುಧಾ, ನಮ್ ಫೌಜಿನಾಗೆ ಒಬ್ಬ ಕಾಣೆ ಆದ ಅಂದ್ರೆ ಎಲ್ಡೇ ದಾರಿ. ಸತ್ತಿರ್ಬೇಕು, ಇಲ್ಲಾ ಓಡೋಗಿರ್ಬೇಕು. ಸತ್ತೋನ್ಗೆ ಸಲ್ಯೂಟ್ ಹೊಡಿತೀವಿ. ಓಡೋದೋನ ಹೆಸ್ರು ಎತ್ತಲ್ಲ. ಗೊತ್ತಿಲ್ದೆ ನಾನು ಎಡೆ ಮುಂದೆ ಕೂತು ಅವ್ನ ಹೆಸ್ರು ಕೂಗಾಕಿಲ್ಲ ಕಣಮ್ಮ."

"ನಿನ್ನ ಕೂಗು ಅಂದೋರು ಯಾರ್ಲಾ?" ಎಂದಳು ಅತ್ತೆ. "ನಾನೇ ಹೋಗಿ ನೋಡ್ಕಂಡ್ ಬತ್ತೀನಿ. ಸತ್ತವ್ನೆ ಅಂತ ನಂಗೆ ಕಂಡ್ರೆ ಅಲ್ಲೇ ಎಡೆ ಇಕ್ಕಿ ಬತ್ತೀನಿ. ಆಮೇಲಾದ್ರೂ ಕೂಗ್ತೀಯಾ?"

"ಎಲ್ಲಿಗ್ ಹೋಗ್ತೀಯತ್ತೆ?"

"ಲಂಕೆಗೆ."

ಪಕ್ಕದ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದವರು ತಿರುಗಿ ನೋಡಿದರು. ಅತ್ತೆ ಅವರನ್ನೂ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, "ಬಸ್ಸು ಎಲ್ಲಿಂದ ಹೊಲ್ಡತದೆ?" ಎಂದಳು.

ಪಾವಗಡ, ಮಧುಗಿರಿ

ಬಸ್ಸು ಹೊರಡುವ ಮೊದಲು ಅತ್ತೆ ಹುಟ್ಟಬೇಕಾಗಿತ್ತು. ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಕೂತಾಗ ಅವಳ ಒಂದು ಕಾರ್ಡಿನಲ್ಲಿ ಒಂದು ಹುಟ್ಟಿದ ವರ್ಷ, ಇನ್ನೊಂದರಲ್ಲಿ ಇನ್ನೊಂದು. ಪಾವಗಡದಿಂದ ಮಧುಗಿರಿಗೆ, ಮಧುಗಿರಿಯಿಂದ ಪಾವಗಡಕ್ಕೆ ನಾವಿಬ್ಬರೂ ಕಚೇರಿ ಕಚೇರಿ ಅಲೆದೆವು. ಮಧುಗಿರಿಯ ವಕೀಲರೊಬ್ಬರು, "ಅಜ್ಜಿ, ಯಾವ ವರ್ಷ ಇಟ್ಕೊಳ್ಳೋಣ?" ಎಂದು ಪ್ರಮಾಣಪತ್ರ ಬರೆಯಲು ಪೆನ್ನು ಹಿಡಿದರು. "ನೀನೇ ನೋಡಿ ಹಾಕಪ್ಪ, ಅತ್ತಿತ್ತ ಆದ್ರೆ ಏನು ತಿರ್ಗಾ ಹುಟ್ತೀನಾ?" ಎಂದಳು ಅತ್ತೆ.

ಕಣ್ಣೆದುರು ಕೂತ ಅತ್ತೆಗೇ ದಾಖಲೆ ಇಲ್ಲ. ಇನ್ನು ಕರಿಯಜ್ಜನ ದಾಖಲೆಗೆ ಅಲೆಯುವುದು ಯಾವ ನ್ಯಾಯ ಎಂದು ನನಗೆ ನಗು ಬಂತು. ಆ ನಗುವಿನ ಜೊತೆಗೇ ಒಂದು ಧೈರ್ಯವೂ ಬಂತು. ಕಾಗದ ಇಲ್ಲ ಎಂದ ಮಾತ್ರಕ್ಕೆ ಮನುಷ್ಯ ಇರಲಿಲ್ಲ ಎಂದಾಗುವುದಿಲ್ಲ. ಹೋಗಿ ನೆಲ ನೋಡೋಣ. ಕಾಯಿಲೆ ಬಿದ್ದ ಕುರಿಯೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಅದು ಮೇಯ್ದ ಜಾಗ ನೋಡಿದರೆ ಅರ್ಧ ತಿಳಿಯುತ್ತದೆ.

ಕೊಲಂಬೊ

ಅತ್ತೆಯ ಮೊದಲ ವಿಮಾನ ಪ್ರಯಾಣ ಅವಳಿಗಿಂತ ನನಗೇ ಹೆಚ್ಚು ಆತಂಕ ತಂದಿತ್ತು. ಅವಳು ಕಿಟಕಿಗೆ ಕೆನ್ನೆ ಒತ್ತಿ ಮೋಡ ನೋಡುತ್ತಾ, "ಉಣ್ಣೆ ಕತ್ತರ್ಸಿ ಗುಡ್ಡೆ ಹಾಕ್ದಂಗೈತೆ" ಎಂದು ಒಂದು ಮಾತಾಡಿ ನಿದ್ದೆ ಹೋದಳು.

ಕೊಲಂಬೊದಲ್ಲಿ ಇಳಿದು ಹೊರಗೆ ಬರುವ ದಾರಿಯಲ್ಲಿ ಸಾಲುಸಾಲು ಅಂಗಡಿಗಳು. ನಮ್ಮ ಬೆಂಗಳೂರಿನಲ್ಲಿ ಅತ್ತರು, ಚಾಕೊಲೇಟು ಇರುವ ಕಡೆ ಇಲ್ಲಿ ಫ್ರಿಜ್ಜು, ವಾಷಿಂಗ್ ಮೆಷಿನ್ನು, ಗ್ಯಾಸ್ ಒಲೆ. ಕೊಲ್ಲಿ ದೇಶಗಳಲ್ಲಿ ದುಡಿದು ಬರುವ ಹೆಂಗಸರು ಊರಿಗೆ ಕಾಲಿಡುವ ಮೊದಲೇ ಇಲ್ಲಿ ಕೊಂಡು ಮನೆಗೆ ಸಾಗಿಸುತ್ತಾರಂತೆ. ಅತ್ತೆ ಒಂದು ವಾಷಿಂಗ್ ಮೆಷಿನ್ನಿನ ಬಾಗಿಲು ತೆಗೆದು ಒಳಗೆ ಕೈಯಾಡಿಸಿ, "ಇಮಾನ್ದಾಗೆ ಬಂದೋರು ಮೈಲಿಗೆ ಬಟ್ಟೆ ಇಲ್ಲೇ ಒಗ್ದು ಒಳೀಕೆ ಹೋಗ್ಬೇಕೇನೇ?" ಎಂದು ಕೇಳಿದಳು.

ಮಾತಲೆ ಊರಿನ ತಮಿಳು ಚಾಲಕ ಸೆಲ್ವಂ ನಮಗಾಗಿ ವ್ಯಾನು ತಂದಿದ್ದ. ಐವತ್ತು ದಾಟಿದ, ಮೆಲುಮಾತಿನ ಮನುಷ್ಯ. ನನಗೆ ಅರ್ಧ ತಮಿಳು ಬರುತ್ತದೆ. ಅತ್ತೆ ಪಾವಗಡದ ಕಡೆಯ, ಕನ್ನಡ ಬೆರೆಸಿದ ತೆಲುಗಿನಲ್ಲಿ ಕೇಳುತ್ತಾಳೆ, ಅವನು ತಮಿಳಿನಲ್ಲಿ ಉತ್ತರಿಸುತ್ತಾನೆ, ಇಬ್ಬರೂ ತಲೆಯಾಡಿಸುತ್ತಾರೆ. ಯಾರಿಗೆ ಎಷ್ಟು ತಿಳಿಯಿತು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಟೀ ಕೇಳಿದೆವು. ಕೇಳದೆಯೇ ಒಂದು ದೊಡ್ಡ ತಟ್ಟೆ ಬಂತು: ಸಮೋಸದಂಥವು, ಉದ್ದುದ್ದ ರೋಲುಗಳು, ಮೀನು ತುಂಬಿದ ಉಂಡೆಗಳು. ಇಲ್ಲಿನ ಪದ್ಧತಿ ಎಂದರೆ ಬೇಕಾದಷ್ಟು ತಿಂದು, ತಿಂದದ್ದಕ್ಕೆ ಮಾತ್ರ ಹಣ ಕೊಟ್ಟು, ಉಳಿದದ್ದನ್ನು ಬಿಟ್ಟೇಳುವುದು. ಇದು ನನಗೆ ಗೊತ್ತಿರಲಿಲ್ಲ. ಎಲೆಯಲ್ಲಿ ಬಿಡುವುದು ಅತ್ತೆಯ ಜಾಯಮಾನವಲ್ಲ. ಅವಳು ಒಂದೊಂದಾಗಿ ಮುಗಿಸುತ್ತಾ, "ತಿನ್ನೇ, ಪಾಪ, ಪ್ರೀತಿಯಿಂದ ಮಡಗವ್ರೆ" ಎಂದು ನನಗೂ ತಳ್ಳಿದಳು. ತಟ್ಟೆ ಖಾಲಿಯಾದೊಡನೆ ಹೋಟೆಲಿನವನು ಸಂತೋಷದಿಂದ ಇನ್ನೊಂದು ತುಂಬಿದ ತಟ್ಟೆ ತಂದಿಟ್ಟ. ಅತ್ತೆಯ ಮುಖ ನೋಡಿ ಸೆಲ್ವಂ ಅಡ್ಡ ಬಂದು ಬಿಡಿಸಿ ಹೇಳದಿದ್ದರೆ ನಮ್ಮ ಪ್ರಯಾಣ ಅಲ್ಲಿಗೇ ಮುಗಿಯುತ್ತಿತ್ತು.

ತಂಬುತ್ತೇಗಮ

ನಾವು ನೇರ ಕ್ಯಾಂಡಿಗೆ ಹೋಗಬೇಕಿತ್ತು. ಮಾತಿನ ನಡುವೆ ಸೆಲ್ವಂ, ಉತ್ತರದ ಕಡೆ ತಂಬುತ್ತೇಗಮದ ಹತ್ತಿರ ತೆಲುಗು ಮಾತಾಡುವ ಹಾವಾಡಿಗರ ಊರೊಂದಿದೆ, ಅಮ್ಮನ ಮಾತು ಅವರ ಮಾತಿನ ಹಾಗೇ ಕೇಳಿಸುತ್ತದೆ ಎಂದ. ಅತ್ತೆ ಎದ್ದು ಕೂತಳು.

"ಅಲ್ಲಿಗ್ ನಡಿ ಅನ್ನು."

"ಅದು ಸುತ್ತು ದಾರಿ ಅತ್ತೆ. ಅವರಿಗೂ ನಮಗೂ ಏನು ಸಂಬಂಧ?"

"ಲೇ, ಓಡೋದ್ನೇ ಅಂತ ಇಟ್ಕೋ. ಮಾತು ತಿಳಿಯೋರ್ ತಾವ್ಕೆ ತಾನೆ ಓಡ್ತಾನೆ? ನಮ್ ಕಡೆಯೋನ್ಗೆ ತೆಲುಗು ಬರ್ದೆ ಇರ್ತದಾ?"

ಸೆಲ್ವಂಗೆ ಹೇಳಿದೆ. ವ್ಯಾನು ತಿರುಗಿತು.

ಒಣ ಬಯಲು, ದೊಡ್ಡ ದೊಡ್ಡ ಕೆರೆಗಳು. ಕೆರೆ ತುಂಬಿರುವುದನ್ನು ಬಿಟ್ಟರೆ ಶಿರಾ ಸೀಮೆಯ ನೆಲದ ಹಾಗೇ ಇತ್ತು. ಊರು ಸಣ್ಣದು. ಸಿಮೆಂಟಿನ ಮನೆಗಳು, ಅಂಗಳದಲ್ಲಿ ಕೋಳಿ. ಒಂದು ಮನೆಯ ಮುಂದೆ ನಮ್ಮ ಅತ್ತೆಯ ಪ್ರಾಯದ ಹೆಂಗಸೊಬ್ಬಳು ಮೆಣಸಿನಕಾಯಿ ಹರಡುತ್ತಿದ್ದಳು. ಹೆಸರು ರಾಸಮ್ಮ ಎಂದು ಆಮೇಲೆ ತಿಳಿಯಿತು. ಅತ್ತೆ ಬೇಲಿಯಾಚೆಯಿಂದಲೇ, "ಏಮಮ್ಮಾ, ಬಾಗುಂಡಾವಾ?" ಎಂದು ಕ್ಷೇಮ ವಿಚಾರಿಸಿದಳು.

ರಾಸಮ್ಮ ಕೈಯಲ್ಲಿದ್ದ ಮೆಣಸಿನಕಾಯಿ ಹಾಗೇ ಹಿಡಿದು ನಿಂತಳು. ಸೀರೆ ಉಟ್ಟು, ಹಣೆಗೆ ಕುಂಕುಮವಿಟ್ಟು, ಎಲ್ಲಿಂದಲೋ ಬಂದು ತನ್ನ ಮನೆಯ ಮಾತಾಡಿದ ಈ ಮುದುಕಿಯನ್ನು ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ಚಾಪೆ ಬಂತು, ನೀರು ಬಂತು, ಸುತ್ತಲಿನ ಮನೆಯವರು ಬಂದರು. ಒಂದೊಂದು ಪದ ಇವಳು ಹೇಳುವುದು, ಅವರು ತಮ್ಮದನ್ನು ಹೇಳುವುದು. ನೀರು ಹೊಂದಿತು, ಉಪ್ಪು ಹೊಂದಿತು. ಕೆಲವು ಪದ ಸಿಂಹಳದ್ದಾಗಿಬಿಟ್ಟಿದ್ದವು; ಅಲ್ಲಿ ಇಬ್ಬರೂ ನಕ್ಕು ಮುಂದೆ ಹೋಗುತ್ತಿದ್ದರು.

ಕೈ ನೋಡಿ ಭವಿಷ್ಯ ಹೇಳುವುದು ರಾಸಮ್ಮನ ಕಸುಬು. ಅತ್ತೆಯ ಅಂಗೈ ಬಿಡಿಸಿ ಹಿಡಿದಳು. ಆಗ ಅತ್ತೆ ವಿಷಯ ತೆಗೆದಳು. ಎತ್ತುಗಳ ಜತೆ ಬಂದ ಮಾ ಪೆದ್ದಾಯನ, ನಮ್ಮ ಹಿರಿಯ, ಕರಿಯಪ್ಪ ಅಂತ ಹೆಸರು. ನಿಮ್ಮವರ ಜೊತೆ ಯಾರಾದರೂ ಹಾಗೆ ಬಂದು ಸೇರಿಕೊಂಡ ಕಥೆ ಇದೆಯೇ?

ರಾಸಮ್ಮ ಅಂಗೈ ಬಿಡಲಿಲ್ಲ. "ಅವುನು ಅನಿ ಚೆಪ್ಪೊಚ್ಚು ಅಕ್ಕಾ," ಎಂದಳು. "ಚೆಪ್ತೆ ನುವ್ವು ಸಂತೋಷಂಗಾ ಪೋತಾವು. ಕಾನಿ ನಾಕು ತೆಲ್ದು." ಹೌದು ಎಂದು ಹೇಳಬಹುದು, ಹೇಳಿದರೆ ನೀನು ಖುಷಿಯಾಗಿ ಹೋಗುತ್ತೀಯ, ಆದರೆ ನನಗೆ ತಿಳಿಯದು. ತಮ್ಮವರೇ ಯಾವಾಗ ಬಂದರು, ಯಾಕೆ ಬಂದರು ಎಂದು ತಮಗೇ ಗೊತ್ತಿಲ್ಲ ಎಂದಳು.

ವ್ಯಾನಿನಲ್ಲಿ ಅತ್ತೆ ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಳು. ಕೊನೆಗೆ, "ಸುಳ್ಳು ಹೇಳ್ಳಿಲ್ಲ ನೋಡು. ಕೈ ನೋಡೋರು ಹೇಳ್ದೇ ಇರ್ತಾರಾ? ನನ್ನ ಅಕ್ಕ ಅಂದ್ಕಂಡ್ಬುಟ್ಲು, ಅದ್ಕೇ ಹೇಳ್ಳಿಲ್ಲ" ಎಂದಳು.

ಕ್ಯಾಂಡಿ

ಗುಡ್ಡ ಏರುತ್ತಾ ಹೋದಂತೆ ಹಸಿರು ದಟ್ಟವಾಯಿತು. ದಾರಿಬದಿಯ ದನಗಳನ್ನು ನಾನು ಕಣ್ಣಿಟ್ಟು ನೋಡುತ್ತಿದ್ದೆ. ಗಿಡ್ಡ ಜಾತಿ, ಸಣ್ಣ ಕೊಂಬು. ಒಂದು ಕಡೆ ಬೂದು ಬಣ್ಣದ, ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ಎತ್ತೊಂದು ಕಂಡು ವ್ಯಾನು ನಿಲ್ಲಿಸಿದೆ. ಇಳಿದು, ಸುತ್ತು ಬಂದು, ಹಣೆ ನೋಡಿ, ಗೊರಸು ನೋಡಿದೆ. ಅಮೃತಮಹಲ್ ಅಲ್ಲ. ಹೌದು ಅನ್ನಬೇಕೆಂಬ ಆಸೆ ಇತ್ತು. ಆದರೆ ರಾಸಮ್ಮ ಹೇಳದ ಸುಳ್ಳನ್ನು ನಾನು ಹೇಳುವುದೇ?

ಕ್ಯಾಂಡಿಯಲ್ಲಿ ನಾವು ಉಳಿದದ್ದು ಕುಸುಮಾ ಎಂಬುವರ ಮನೆಯಲ್ಲಿ. ಇತಿಹಾಸ ಕಲಿಸಿ ನಿವೃತ್ತರಾದ ಸಿಂಹಳ ಶಿಕ್ಷಕಿ. ಮನೆಯ ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ಬಂದ ಕಾರಣ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸಂಜೆ ಜಗಲಿಯಲ್ಲಿ ಕೂತು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುತ್ತಾ ಹೋದರು. ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ.

ನೀವು ಹೇಳುವ ಕಾಲದಲ್ಲೇ ಇಂಗ್ಲಿಷರ ದಂಡು ನಮ್ಮ ರಾಜನ ಮೇಲೆ ಬಂದದ್ದು ನಿಜ ಎಂದರು. ಬಂದವರಿಗೆ ಊರು ಖಾಲಿ ಸಿಕ್ಕಿತು. ಆಮೇಲೆ ಮಳೆ, ಜ್ವರ, ಹಸಿವು. ದಂಡು ಹಿಂದಿರುಗಲು ಹೊರಟಿತು. ಊರಾಚೆ ಮಹಾವೇಲಿ ಹೊಳೆ ತುಂಬಿ ಹರಿಯುತ್ತಿತ್ತು, ದಾಟಲು ದೋಣಿ ಇರಲಿಲ್ಲ. ಅಲ್ಲೇ ದಡದಲ್ಲಿ ಸಿಕ್ಕಿಬಿದ್ದರು. ಹೆಚ್ಚಿನವರು ಅಲ್ಲೇ ಸತ್ತರು. ಕೆಲವರನ್ನು ರಾಜನ ಕಡೆಯವರು ಹಿಡಿದಿಟ್ಟುಕೊಂಡರು.

"ಎತ್ತಿನೋರು?" ಎಂದಳು ಅತ್ತೆ.

ಕುಸುಮಾ ಹೇಳಿದರು. "ಬರೆದಿಟ್ಟವರು ಇಂಗ್ಲಿಷರು. ಎತ್ತಿನವರು, ಕೂಲಿಗಳು ಓಡಿಹೋದರು, ಅದಕ್ಕೇ ಕೆಟ್ಟೆವು ಎಂದು ಅವರು ಎಲ್ಲ ಯುದ್ಧದಲ್ಲೂ ಬರೆಯುತ್ತಾರೆ. ಸೋತವರಿಗೆ ದೂರಲು ಯಾರಾದರೂ ಬೇಕಲ್ಲ. ಅದು ನಿಜವೋ ಸುಳ್ಳೋ ನಾನು ಹೇಳಲಾರೆ."

ಇಲ್ಲಿಗೂ ಅದೇ ಮಾತು ನಮಗಿಂತ ಮೊದಲೇ ಬಂದು ಕೂತಿತ್ತು.

ಅವರು ಇನ್ನೊಂದು ಮಾತನ್ನೂ ಹೇಳಿದರು, ಒರಟಾಗಿ ಅಲ್ಲ. "ಒಂದು ವಿಷಯ ನೆನಪಿರಲಿ. ನಿಮಗೆ ಅವನು ಕಳೆದುಹೋದ ಅಜ್ಜ. ನಮಗೆ ನಮ್ಮ ಮೇಲೆ ತೋಪು ತಂದವನು. ನಮ್ಮ ಹಳ್ಳಿಗಳಲ್ಲೂ ಆ ವರ್ಷ ಹೊರಟು ಮನೆಗೆ ಬಾರದ ಗಂಡಸರಿದ್ದರು."

ಇದನ್ನು ಅತ್ತೆಗೆ ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದೆ. ಹೇಳಿದೆ. ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಳು. ಊಟಕ್ಕೆ ಕರೆದರೂ ಹೆಚ್ಚು ಉಣ್ಣಲಿಲ್ಲ. ಬಂದ ಕೆಲಸ ಕೆಟ್ಟಿತೇನೋ ಎಂದು ನನಗನ್ನಿಸಿದ್ದು ಅದೊಂದೇ ಸಲ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅತ್ತೆ ಸ್ನಾನ ಮಾಡಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕುಸುಮಾ ತೆಂಗಿನಕಾಯಿ ತುರಿಯುತ್ತಿದ್ದರು.

"ಸುಧಾ, ಆಯಮ್ಮನ್ನ ಕೇಳು," ಎಂದಳು. "ಹೊಳೆ ದಡದಾಗೆ ನಮ್ಮೋನ್ಗೆ ಒಂದು ಎಡೆ ಇಕ್ಕಬೋದಾ ಅಂತ. ಅವ್ರ ನೆಲ. ಬಂದೋನು ಇವ್ನು, ಅವ್ರೇನು ಕರ್ದಿರ್ಲಿಲ್ಲ. ಬ್ಯಾಡ ಅಂದ್ರೆ ಇಕ್ಕಲ್ಲ, ಹೊಳೆ ನೋಡ್ಕಂಡು ಕೈ ಮುಗ್ದು ಹೋಗ್ತೀನಿ. ಹಂಗೇ ಹೇಳು, ನೀನು ಸೇರ್ಸಿ ಹೇಳ್ಬ್ಯಾಡ."

ಹಾಗೇ ಹೇಳಿದೆ. ಕುಸುಮಾ ತುರಿಯುವುದನ್ನು ನಿಲ್ಲಿಸಿದರು. ಅವರಲ್ಲೂ ಸತ್ತವರ ಹೆಸರಿನಲ್ಲಿ ಅನ್ನ ಕೊಡುತ್ತಾರಂತೆ. "ಸತ್ತವರಿಗೆ ಕೊಡುವಾಗ ಯಾವ ಕಡೆಯವರು ಎಂದು ಕೇಳಬಾರದು ಎಂದು ನಮ್ಮಮ್ಮ ಹೇಳುತ್ತಿದ್ದರು" ಎಂದರು. ಆಮೇಲೆ ಅತ್ತೆಯನ್ನೇ ನೋಡುತ್ತಾ ನನ್ನನ್ನು ಕೇಳಿದರು: "ಆತ ಏನು ಊಟ ಮಾಡುತ್ತಿದ್ದ?"

"ಮುದ್ದೆ," ಎಂದಳು ಅತ್ತೆ. "ಇನ್ನೇನು ಉಣ್ತಾನೆ?"

ರಾಗಿ ಎಂದರೆ ಏನು ಎಂದು ಇಂಗ್ಲಿಷಿನಲ್ಲಿ ಹೇಳಲು ನಾನು ಒದ್ದಾಡುತ್ತಿದ್ದಾಗ ಕುಸುಮಾ ಕಪಾಟಿನಿಂದ ಒಂದು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಕಂದು ಹಿಟ್ಟು. ಅತ್ತೆ ಚಿಟಿಕೆ ತೆಗೆದು ಮೂಸಿ, ನಾಲಗೆಗೆ ಹಚ್ಚಿಕೊಂಡು, "ನಮ್ದೇ" ಎಂದಳು. ಅಲ್ಲಿ ಅದಕ್ಕೆ ಕುರಕ್ಕನ್ ಎನ್ನುತ್ತಾರೆ; ಬೇಯಿಸಿ, ತಿರುವಿ, ಉಂಡೆ ಕಟ್ಟಿದರೆ ತಲಪ. ಆ ಅಡುಗೆಮನೆಯಲ್ಲಿ ಆಮೇಲೆ ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ. ಕುಸುಮಾ ಸೌಟಿನಲ್ಲಿ ತಿರುವುತ್ತಿದ್ದರೆ ಅತ್ತೆ ಅದನ್ನು ಕಿತ್ತುಕೊಂಡು, "ಇಂಗೆ, ಇಂಗೆ" ಎಂದು ತೋರಿಸಿದಳು.

ಮಹಾವೇಲಿ

ಊರಾಚೆ ಹೊಳೆ ತಿರುಗುವ ಒಂದು ಜಾಗಕ್ಕೆ ಕುಸುಮಾ ನಮ್ಮನ್ನು ಕರೆದೊಯ್ದರು. ದಂಡು ನಿಂತದ್ದು ಇಲ್ಲೇ ಎಲ್ಲೋ ಎನ್ನುತ್ತಾರೆ, ಇದೇ ಜಾಗ ಎಂದು ಯಾರೂ ಆಣೆ ಮಾಡಲಾರರು ಎಂದೂ ಹೇಳಿದರು. ಬಿದಿರು ಮೆಳೆ, ಕೆಳಗೆ ಬಂಡೆಗಳು. ಮೇಲೆ ಎಲ್ಲೋ ಮಳೆಯಾಗಿ ಹೊಳೆ ಕೆಂಪಗೆ, ಭರದಿಂದ ಹೋಗುತ್ತಿತ್ತು.

ಅತ್ತೆ ದಡದಲ್ಲಿ ನಿಂತು ನೋಡಿದಳು. ವರ್ಷಕ್ಕೊಮ್ಮೆ ಹಳ್ಳ ಬಂದರೆ ಊರೆಲ್ಲ ನೋಡಲು ಓಡುವ ಸೀಮೆಯವಳು ಅವಳು. ನೀರಿನ ಮಧ್ಯೆ ಒಂದು ಮರದ ಕೊಂಬೆ ಬುಡಮೇಲಾಗುತ್ತಾ ಹೋಗುತ್ತಿತ್ತು. ಅದು ಕಣ್ಮರೆಯಾಗುವವರೆಗೂ ನೋಡಿದಳು.

"ಲೇ ಸುಧಾ, ನಿಂಗೆ ಈಜು ಬತ್ತದಾ?"

"ಇಲ್ಲ ಅತ್ತೆ."

"ರಂಗನ್ಗೆ?"

"ಸೇನೆಯಲ್ಲಿ ಕಲಿಸಿರಬೇಕು. ಅದಕ್ಕೆ ಮುಂಚೆ ಬರುತ್ತಿರಲಿಲ್ಲ."

"ನಿಮ್ಮಪ್ಪುಂಗೂ ಬರ್ತಿರ್ಲಿಲ್ಲ. ನಮ್ಮಜ್ಜುಂಗೂ ಬರ್ತಿರ್ಲಿಲ್ಲ. ನಮ್ ಕಡೆ ಯಾರಿಗ್ ಬತ್ತದೆ? ಕುರಿ ಕಾಯೋರು ನಾವು, ಮೊಣಕಾಲುದ್ದ ನೀರು ನೋಡಿದ್ರೆ ಕುರೀನೂ ಹೆದರ್ತವೆ, ನಾವೂ ಹೆದರ್ತೀವಿ." ಅವಳು ಹೊಳೆಯ ಕಡೆ ಕೈ ಚಾಚಿದಳು. "ಇದ್ನ ದಾಟಿ ಓಡೋದ್ನಾ? ಯಾವೋನು ಹೇಳ್ದೋನು? ರಂಗನ್ಗೆ ಫೋನ್ ಹಚ್ಚು."

ಹಚ್ಚಿದೆ. ಮುಖ ಕಾಣುವ ಕರೆಯಲ್ಲಿ ರಂಗಪ್ಪಣ್ಣ ತಲೆಗೆ ಟವೆಲ್ಲು ಸುತ್ತಿಕೊಂಡು ಹೂವಿನ ಸಾಲಿನ ನಡುವೆ ನಿಂತಿದ್ದ. ಕುಸುಮಾ ಹೇಳಿದ್ದನ್ನೆಲ್ಲ ಹೇಳಿದೆ, ಓಡಿಹೋದರೆಂದು ಇಂಗ್ಲಿಷರು ಬರೆದದ್ದನ್ನೂ ಮುಚ್ಚಿಡಲಿಲ್ಲ.

"ಫೋನು ಹೊಳೆ ಕಡೆ ತಿರುಗ್ಸಮ್ಮ," ಎಂದ. ತಿರುಗಿಸಿದೆ. "ಆಚೆ ದಡ ತೋರ್ಸು. ಈಗ ಹಿಂದ್ಗಡೆ ತೋರ್ಸು." ಹಿಂದೆ ಕಡಿದಾದ ಗುಡ್ಡ, ಕಾಡು. "ಮುಂದೆ ಇದು. ಹಿಂದೆ ಅವ್ರು. ಗುಡ್ಡದ ಮೇಲೂ ಅವ್ರೇ ಇದ್ದಿರ್ತಾರೆ." ಅವನ ದನಿ ಬದಲಾಗಿತ್ತು, ತೋಟದಲ್ಲಿ ನಿಂತ ಮನುಷ್ಯನ ದನಿಯಾಗಿರಲಿಲ್ಲ. "ತೋಪು, ಎತ್ತು ಇದ್ದೋರು ಇಂಥ ಕಡೆ ಎಲ್ರಿಗಿಂತ ಹಿಂದೆ ಉಳ್ದು ಸಿಕ್ಕೊಳ್ತಾರೆ. ನಾನು ನೋಡಿವ್ನಿ. ಓಡ್ಬೇಕು ಅಂದ್ರೂ ಓಡಾಕೆ ದಾರಿ ಬೇಕಲ್ಲಮ್ಮ."

ಇದು ಸಾಕ್ಷಿಯಲ್ಲ. ಯಾವ ಕಚೇರಿಯಲ್ಲೂ ಇದು ನಿಲ್ಲುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಕರಿಯಜ್ಜನನ್ನು ರಾಜನ ಕಡೆಯವರು ಹಿಡಿದಿಟ್ಟುಕೊಂಡಿರಬಹುದು, ಇನ್ನಷ್ಟು ವರ್ಷ ಬದುಕಿರಬಹುದು. ಹಾಗಿದ್ದರೂ ಅವನು ಈ ಹೊಳೆಯ ಈಚೆ ದಡದಲ್ಲಿ, ಮನೆಗೆ ಬರಲಾಗದೆ ಉಳಿದವನು. ಓಡಿಹೋದವನಲ್ಲ. ಅಷ್ಟನ್ನು ನಾನು ಯಾರ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ.

"ಇಕ್ಕತ್ತೆ," ಎಂದ ರಂಗಪ್ಪಣ್ಣ. "ಹೆಸ್ರು ನಾನ್ ಕೂಗ್ತೀನಿ. ಫೋನು ಅಲ್ಲೇ ಮಡಗಿ."

ಅತ್ತೆ ಬಾಳೆಲೆ ಹಾಸಿದಳು. ಮುದ್ದೆ, ಕುಸುಮಾ ಮಾಡಿದ ಬೇಳೆ ಸಾರು, ಒಣಮೀನು, ಬೇಯಿಸಿದ ಮೊಟ್ಟೆ. ಫೋನನ್ನು ಒಂದು ಕಲ್ಲಿಗೆ ಒರಗಿಸಿದೆ. ಅದರೊಳಗೆ ರಂಗಪ್ಪಣ್ಣ ತಲೆಯ ಟವೆಲ್ಲು ತೆಗೆದು, ಚಪ್ಪಲಿ ಬಿಟ್ಟು, ನೆಟ್ಟಗೆ ನಿಂತಿದ್ದ. "ದಂಡಿನ ಕರಿಯಪ್ಪ" ಎಂದು ಮೂರು ಸಲ ಕೂಗಿದ. ತೋವಿನಕೆರೆಯ ಹೂವಿನ ಹೊಲದ ಕೂಗು ಮಹಾವೇಲಿಯ ಸದ್ದಿನಲ್ಲಿ ಸಣ್ಣಗೆ ಕೇಳಿಸಿತು. ಅತ್ತೆ ನೆಲಕ್ಕೆ ಹಣೆ ಮುಟ್ಟಿಸಿ ಎದ್ದಳು. ಕುಸುಮಾ ಸ್ವಲ್ಪ ದೂರದಲ್ಲಿ ಕೈ ಜೋಡಿಸಿ ನಿಂತು ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡರು. ಅದು ಯಾರ ಯಾರ ಪಾಲಿಗೆ ಎಂದು ನಾನು ಕೇಳಲಿಲ್ಲ.

ನಾವು ಹಿಂದೆ ಸರಿದು ಬಿದಿರಿನ ಕೆಳಗೆ ಕೂತೆವು. ಎಡೆಯನ್ನು ಕಾಗೆ ಮುಟ್ಟಬೇಕು, ಆಮೇಲೆ ಏಳಬೇಕು. ಮರದ ಮೇಲೆ ಕಾಗೆಗಳಿದ್ದವು, ಇಳಿಯಲಿಲ್ಲ. ಅತ್ತೆ ಬಾಯಲ್ಲಿ ಕಾಕಾ ಎಂದಳು. ಇಳಿಯಲಿಲ್ಲ. ಅವಳ ಮುಖ ಸಣ್ಣಗಾಗುತ್ತಿರುವುದು ಕಂಡು ನಾನು ಏನಾದರೂ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಬಂಡೆಯ ಪಕ್ಕದ ನೀರು ಕದಲಿತು.

ಉಡ ಬಂತು. ನಮ್ಮ ಕಡೆಯ ಉಡ ಇದರ ಮರಿಯಂತೆ ಕಾಣಬೇಕು, ಅಷ್ಟು ದೊಡ್ಡದು. ಅಲ್ಲಿನ ಹೊಳೆಗಳಲ್ಲಿ ಇಂಥ ನೀರುಡ ಬೇಕಾದಷ್ಟಿವೆ. ಮೊಟ್ಟೆಯ ವಾಸನೆಗೆ ಬಂದಿದೆ ಎಂದು ನನ್ನೊಳಗಿನ ಪಶುವೈದ್ಯೆಗೆ ತಕ್ಷಣ ತಿಳಿಯಿತು. ಅದು ಕಪ್ಪು ಮೈಯಿಂದ ನೀರು ಸುರಿಸುತ್ತಾ, ಸೀಳು ನಾಲಗೆ ಚಾಚುತ್ತಾ, ಒಂದೊಂದೇ ಹೆಜ್ಜೆ ಇಟ್ಟು ಎಲೆಯ ಹತ್ತಿರ ಬಂತು. ಓಡಿಸಲು ನಾನು ಕಲ್ಲು ಎತ್ತಿಕೊಂಡೆ.

ಅತ್ತೆ ನನ್ನ ಮಣಿಕಟ್ಟು ಹಿಡಿದಳು.

"ಸುಮ್ಕಿರೇ," ಎಂದಳು. "ಮಧುಗಿರಿ ಬೆಟ್ಟ ಹತ್ತಾಕೆ ದಂಡ್ನೋರು ಹಗ್ಗ ಕಟ್ಟಿ ಎಸೀತಿದ್ದಿದ್ದು ಯಾವ್ದನ್ನ ಅಂದ್ಕಂಡಿದ್ದೀಯ? ಕಾಗೆ ಎಲ್ರಿಗೂ ಬತ್ತದೆ, ದಂಡ್ನೋನ್ಗೆ ಉಡ ಬಂದೈತೆ. ಉಣ್ಲಿ ಬುಡು."